ಚೆರ್ರಿ ಸೀಗಡಿ ತೊಟ್ಟಿ, 14 ತಿಂಗಳ ನಂತರ: ಮುಚ್ಚಳದ ಮೇಲೇ ನನ್ನ ಸಿಟ್ಟು

ಕಳೆದ ವರ್ಷ ಜನವರಿಯಲ್ಲಿ, ಸಿದ್ಧೇಶ್ವರ ಜಾತ್ರೆ ಮುಗಿದ ವಾರ, ಅಂದಕ್ಕೆ ಸಾಕುವ ಪುಟ್ಟ ಚೆರ್ರಿ ಸೀಗಡಿಗಳಿಗಾಗಿ ಮುಚ್ಚಳ, ಲೈಟು, ಫಿಲ್ಟರ್ ಎಲ್ಲ ಸೇರಿದ ಒಂದೂವರೆ ಅಡಿಯ ಗಾಜಿನ ತೊಟ್ಟಿಯ ಸೆಟ್ ತಂದೆ. 2,400 ರೂಪಾಯಿ. ಗಾಜು ಸೋರಿಲ್ಲ, ಲೈಟು ಕೆಟ್ಟಿಲ್ಲ. ಆದರೆ ವಿಜಯಪುರದ ಬಿಸಿಲಿಗೆ ಆ ಮುಚ್ಚಳ ಆಗಿಬರೋದಿಲ್ಲ.

ಅಂಗಡಿಯವರು "ಸೀಗಡಿ ನಾಳೇನ ಬಿಡ್ರಿ, ಏನೂ ಆಗಂಗಿಲ್ಲ" ಅಂದಿದ್ದರು. ನಾನು ಐದು ವಾರ ಕಾದೆ. ಹೊಲಸಿನಿಂದ ಹುಟ್ಟುವ, ಸೀಗಡಿಗೆ ವಿಷವಾದ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ನೆಲೆಯೂರಬೇಕಲ್ವಾ? ಅಷ್ಟು ದಿನ ಆ ಬ್ಯಾಕ್ಟೀರಿಯಾಕ್ಕೆಂದೇ ಖಾಲಿ ನೀರಿಗೆ ಚಿಟಿಕೆ ಮೀನಿನ ಆಹಾರ ಹಾಕುತ್ತ ಕೂತೆ. ಸೆಟ್ಟಿನ ಫಿಲ್ಟರ್ ಮರಿಗಳನ್ನು ಎಳೆದುಕೊಳ್ಳುತ್ತದೆ ಅಂತ ತೆಗೆದು, 150 ರೂಪಾಯಿಯ ಸ್ಪಂಜ್ ಫಿಲ್ಟರ್ ಹಾಕಿದೆ. ಒಂದಿಷ್ಟು ಜಾವಾ ಪಾಚಿ ಅನ್ನೋ ನೀರುಗಿಡ, ಹತ್ತು ಕೆಂಪು ಚೆರ್ರಿ ಸೀಗಡಿ. ಒಂದು ತಿಂಗಳು ಸುಖವಾಗಿತ್ತು.

ಏಪ್ರಿಲ್ ಬಂತು. ಮುಚ್ಚಳದ ಕೆಳಗೆ ನೀರು 32 ಡಿಗ್ರಿ. ನೀರು ಕಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಸೀಗಡಿಗಳೆಲ್ಲ ಸ್ಪಂಜ್ ಫಿಲ್ಟರ್‌ನಿಂದ ಗುಳ್ಳೆ ಏಳುವ ಕಡೆ ಗುಂಪುಗೂಡಿದ್ದವು. ಮುಚ್ಚಳ ತೆಗೆದು ಸಣ್ಣ ಟೇಬಲ್ ಫ್ಯಾನ್ ಇಟ್ಟೆ. ನಮ್ಮ ಒಣ ಗಾಳಿಗೆ ನೀರು ಬೇಗ ಆರುತ್ತದೆ, ಆರುತ್ತ ತಂಪಾಗುತ್ತದೆ. ಸಂಜೆಯೊಳಗೆ 28ಕ್ಕೆ ಇಳಿಯಿತು. ಗೆದ್ದೆ ಅಂದುಕೊಂಡೆ.

ದಿನಕ್ಕೆ ಲೀಟರ್‌ನಷ್ಟು ನೀರು ಆರಿಹೋಗುತ್ತಿತ್ತು. ಅಷ್ಟನ್ನೂ ಬೋರ್ ನೀರಿನಿಂದ ತುಂಬಿಸಿದೆ. ನೀರು ಆರುತ್ತದೆ, ಅದರಲ್ಲಿರುವ ಸುಣ್ಣ ಆರೋದಿಲ್ಲ ಅನ್ನೋದು ತಲೆಗೆ ಬರಲಿಲ್ಲ. ಮೂರು ವಾರದಲ್ಲಿ ಟಿಡಿಎಸ್, ಅಂದರೆ ನೀರಲ್ಲಿ ಕರಗಿದ ಉಪ್ಪು-ಸುಣ್ಣದ ಅಳತೆ, 240ರಿಂದ 540. ಒಂದೊಂದೇ ಸಾಯತೊಡಗಿದವು. ಎಲ್ಲದರ ಕುತ್ತಿಗೆಯ ಹಿಂದೆ ಬಿಳಿ ಉಂಗುರ. ಸೀಗಡಿ ಬೆಳೆಯುತ್ತ ಹಳೇ ಸಿಪ್ಪೆ ಕಳಚುತ್ತದೆ; ಇವುಗಳ ಸಿಪ್ಪೆ ಅಲ್ಲಿ ಬಿರಿದಿತ್ತು, ಮೈ ಮಾತ್ರ ಹೊರಗೆ ಬಂದಿರಲಿಲ್ಲ. ಹತ್ತರಲ್ಲಿ ಆರು ಹೋದವು. ಆ ವಾರ ತೊಟ್ಟಿಯ ಕಡೆ ನೋಡೋಕೂ ಮನಸ್ಸಾಗಲಿಲ್ಲ.

ಉಳಿದದ್ದು ನಾಲ್ಕು. ಬೋರ್ ನೀರು ಬಿಟ್ಟು, ಆರಿದಷ್ಟೇ, ಸುಣ್ಣ ಹೆಚ್ಚೂಕಡಿಮೆ ಇಲ್ಲದ ಆರ್‌ಓ ನೀರು ಹಾಕತೊಡಗಿದೆ. ಗಾಜಿನ ಮೇಲೆ ನೀರಿನ ಮಟ್ಟಕ್ಕೆ ಟೇಪ್ ಅಂಟಿಸಿದ್ದೇನೆ. ಬೆಳಿಗ್ಗೆ ಚಹಾ ಕುಡಿದ ಮೇಲೆ ಸಲೈನ್ ನಳಿಗೆಗೆ ಒಂದು ಗಂಟು ಹಾಕಿ, ಹನಿ ಹನಿಯಾಗಿ ಟೇಪಿನವರೆಗೆ ಬಿಡುತ್ತೇನೆ. ಅವ್ವ ಒಮ್ಮೆ ತಾಮ್ರದ ತಂಬಿಗೆಯಲ್ಲಿ ನೀರು ತಂದುಕೊಟ್ಟಳು. ಬೇಡ ಅಂದೆ. ತಾಮ್ರ ಸ್ವಲ್ಪ ಸೇರಿದರೂ ಸೀಗಡಿಗೆ ವಿಷ. ಈಗ ಅದಕ್ಕೇ ಒಂದು ಸ್ಟೀಲ್ ತಂಬಿಗೆ ಇದೆ.

ಜೂನ್‌ನಲ್ಲಿ ಒಂದು ರಾತ್ರಿ ಹೆಣ್ಣೊಂದು ಪಾಚಿಯ ಮೇಲೆ ಮೈ ಬಾಗಿಸಿ ನಿಂತಿತ್ತು. ಒಂದು ಝಾಡಿಸಿತು, ಅಷ್ಟೇ. ಗಾಜಿನ ಹಾಳೆಯಂಥ ಸಿಪ್ಪೆ ಅಲ್ಲೇ ನಿಂತಿದೆ, ಮೀಸೆ ಕಾಲು ಸಮೇತ. ಸೀಗಡಿ ಪಕ್ಕದಲ್ಲಿ! ಎರಡು ದಿನಕ್ಕೆ ಅದರ ಹೊಟ್ಟೆಯ ಕೆಳಗೆ ಹಳದಿ ಮೊಟ್ಟೆ. ದಿನವಿಡೀ ಸಣ್ಣ ಕಾಲುಗಳಿಂದ ಅದಕ್ಕೆ ಗಾಳಿ ಬೀಸುತ್ತಿತ್ತು. ನಾಲ್ಕು ವಾರಕ್ಕೆ ಸ್ಪಂಜಿನ ಮೇಲೆ ಮರಿಗಳು, ಎಳ್ಳಿಗಿಂತ ಸಣ್ಣವು, ಆದರೆ ಆಕಾರ ಪೂರ್ತಿ ದೊಡ್ಡವರದ್ದೇ. ಈಗ ಎಣಿಸೋಕೆ ಹೋದರೆ ಅರವತ್ತಕ್ಕೆ ಲೆಕ್ಕ ತಪ್ಪುತ್ತದೆ.

ಕೊಳ್ಳುವವರು ಮುಚ್ಚಳವಿಲ್ಲದ ಬರೀ ಗಾಜಿನ ತೊಟ್ಟಿ ಕೊಳ್ಳಿ. ಉಳಿದ ದುಡ್ಡಿಗೆ ಫ್ಯಾನು, ಟಿಡಿಎಸ್ ಮೀಟರ್ ಎರಡೂ ಬರುತ್ತವೆ. ಮೇಲೆ ಸೊಳ್ಳೆ ಪರದೆಯ ತುಂಡು ಸಾಕು. ಸೆಟ್ಟಿಗೆ ನಾನು ಐದಕ್ಕೆ ಮೂರು ಕೊಡುತ್ತೇನೆ. ಸೀಗಡಿಗೆ ಐದಕ್ಕೆ ಐದು.

ಈ ಸಲ ಮಾರ್ಚ್ ಹುಟ್ಟುತ್ತಲೇ ಮುಚ್ಚಳ ಅಟ್ಟಕ್ಕೆ ಹೋಗಿದೆ. ನಿನ್ನೆ ಪಾಲಕ್ ಪಲ್ಯ ಮಾಡುವಾಗ ಅವ್ವ ಒಳಗಿನಿಂದ ಕೂಗಿದಳು: "ಅವಕ್ಕೊಂದ್ ಎಲಿ ಕುದಿಸಿ ಇಟ್ಟೀನಿ ನೋಡಪಾ, ಆರೇದ, ಹಾಕು."