ನೆಲ ಬದಲಾಯಿಸಿದರೆ ಎರಡು ಕೆ.ಜಿ. ಇಳಿಸುವ ಮಿಷನ್

ತುಮಕೂರಿನ ಎಂ.ಜಿ. ರೋಡಿನ ಒಂದು ಅಂಗಡಿಯಲ್ಲಿ 950 ರೂಪಾಯಿಗೆ ಈ ಡಿಜಿಟಲ್ ತೂಕದ ಮಿಷನ್ ತಂದು ಐದು ತಿಂಗಳಾಯಿತು. ಮೊದಲ ವಾರವೇ ತಲೆ ಕೆಟ್ಟಿತು. ನಡುಮನೆಯ ಹಳೇ ಉಬ್ಬುತಗ್ಗು ನೆಲದ ಮೇಲೆ 82, ಟೈಲ್ಸ್ ಮೇಲೆ 84! ‘ಸುಮ್ನೆ ನಡುಮನೆಯಲ್ಲೇ ನೋಡ್ಕೊಳ್ಳಿ, ಖುಷಿಯಾಗಿರ್ತೀರಿ’ ಅಂತ ಹೆಂಡತಿ ನಕ್ಕಳು. ಸಮತಟ್ಟು ಜಾಗ ಬೇಕು ಅಂತ ಅಂಗಡಿಯವರು ಹೇಳಲೇ ಇಲ್ಲ. ಈಗ ಟೈಲ್ಸ್ ಮೇಲೆ, ಬೆಳಿಗ್ಗೆ ಕಾಫಿಗೆ ಮುಂಚೆ, ವಾರಕ್ಕೊಮ್ಮೆ.

ಇದೆಲ್ಲ ಶುರುವಾಗಿದ್ದು ಬಿ.ಪಿ.ಯಿಂದ. ಮಾತ್ರೆ ನುಂಗಿದರೂ 152. ‘ಮೈ ಜಾಸ್ತಿ ಆದಷ್ಟೂ ಹೃದಯ ಜಾಸ್ತಿ ರಕ್ತ ತಳ್ಳಬೇಕಲ್ವಾ? ತೂಕದಲ್ಲಿ ಶೇ. 5 ಇಳಿಸಿದರೂ ಬಿ.ಪಿ., ರಕ್ತದ ಕೊಬ್ಬು ಎರಡಕ್ಕೂ ಒಳ್ಳೇದು’ ಅಂದರು ಡಾಕ್ಟರು. ನನ್ನ ಲೆಕ್ಕಕ್ಕೆ ನಾಲ್ಕು ಕೆ.ಜಿ. ಚಿಲ್ಲರೆ.

ಅಮಾನಿಕೆರೆ ಹತ್ತಿರ ದಿನಾ 40 ನಿಮಿಷ ನಡೆದೆ. ಉಪ್ಪಿನಕಾಯಿ ಬಿಟ್ಟೆ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಬಿಡಲಾಗಲಿಲ್ಲ. ಮೂರರ ಬದಲು ಒಂದು, ಬೆಣ್ಣೆ ಇಲ್ಲದೆ. ಈಗ 78. ಮಾತ್ರೆ ಅದೇ, ಬಿ.ಪಿ. 138.

ಕೊಬ್ಬಿನ ಶೇಕಡಾ ತೋರಿಸುವ ಗುಂಡಿಯೂ ಇದೆ. ಬೆಳಿಗ್ಗೆ ಒಂದು, ಸಂಜೆ ಇನ್ನೊಂದು ಹೇಳುತ್ತದೆ. ಅದಕ್ಕಿಂತ ದರ್ಜಿ ಟೇಪಿನಲ್ಲಿ ಸೊಂಟ ಅಳೆಯುವುದು ಮೇಲು. ಗಂಡಸರಿಗೆ 90 ಸೆಂ.ಮೀ. ಒಳಗಿರಬೇಕು, ನನ್ನದು ಇನ್ನೂ 94. ತೂಕಕ್ಕಾದರೆ ತಗೊಳ್ಳಿ, ಬ್ಯಾಟರಿ ಮಾತ್ರ ನೀವೇ ತರಬೇಕು.