ಕ್ಯಾನನ್ 200ಡಿ: ಕಿರುಚಿತ್ರ ತಂಡಕ್ಕೆ ಎಷ್ಟರ ಮಟ್ಟಿಗೆ ಸಾಕು?

2017ರಲ್ಲಿ ಬಂದ ಕ್ಯಾನನ್ ಇಒಎಸ್ 200ಡಿಯನ್ನು ಇವತ್ತು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಳ್ಳಲು ಗಟ್ಟಿ ಕಾರಣ ಒಂದೇ: ಡ್ಯುಯಲ್ ಪಿಕ್ಸೆಲ್ ಆಟೋಫೋಕಸ್, ಅಂದರೆ ಚಲಿಸುವವರನ್ನು ತಾನಾಗಿ ಹಿಂಬಾಲಿಸುವ ಫೋಕಸ್. ಫೋಕಸ್ ಪುಲ್ಲರ್ (ಶಾಟ್ ನಡೆಯುವಾಗ ಕೈಯಿಂದ ಫೋಕಸ್ ಹೊಂದಿಸುವವರು) ಇಲ್ಲದ ಪುಟ್ಟ ತಂಡದಲ್ಲೂ, ಬಾಗಿಲಿನಿಂದ ಕ್ಯಾಮೆರಾದತ್ತ ನಡೆದು ಬರುವ ನಟನ ಮುಖ ಮಸುಕಾಗುವುದಿಲ್ಲ. ಇದಕ್ಕಿಂತ ಕೆಳದರ್ಜೆಯ 1500ಡಿಯಲ್ಲಿ ಈ ಸೌಲಭ್ಯವೂ ಇಲ್ಲ, ಮೈಕ್ ಜಾಕ್ ಕೂಡ ಇಲ್ಲ. ಆದರೆ ಇಬ್ಬರು ಮಾತಾಡುವಾಗ ನಡುವೆ ಯಾರಾದರೂ ಹಾದುಹೋದರೆ ಫೋಕಸ್ ಅವರ ಹಿಂದೆ ಓಡುತ್ತದೆ. ಅಂಥ ಶಾಟ್‌ಗೆ ಮೊದಲು ಫೋಕಸ್ ಹಿಡಿಸಿ, ಪರದೆಯ ಮೇಲಿನ ಸರ್ವೋ ಎಎಫ್ (ನಿರಂತರ ಆಟೋಫೋಕಸ್) ಗುರುತನ್ನು ಒತ್ತಿ ಆಫ್ ಮಾಡಿಬಿಡಿ.

ಕೈಗೆ ಬಂದ ಕೂಡಲೇ ಮೆನುವಿನಲ್ಲಿ ವಿಡಿಯೊ ಸಿಸ್ಟಮ್ ಅನ್ನು ಪಾಲ್‌ಗೆ (PAL) ಹಾಕಿ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50 ಸೆಕೆಂಡ್. ನಮ್ಮ ಕರೆಂಟ್ 50 ಹರ್ಟ್ಸ್‌ನದು. 30 ಫ್ರೇಮ್, 1/60ರಲ್ಲಿ ತೆಗೆದರೆ ಟ್ಯೂಬ್‌ಲೈಟ್, ಅಗ್ಗದ ಎಲ್‌ಇಡಿ ಬಲ್ಬ್‌ಗಳ ಕೆಳಗೆ ಪಟ್ಟಿಗಳು ಹರಿದಾಡುತ್ತವೆ. ಎಡಿಟಿಂಗ್‌ನಲ್ಲಿ ಅವನ್ನು ತೆಗೆಯಲು ಹೋದರೆ ಸಾಕುಬೇಕಾಗುತ್ತದೆ. ಸ್ಲೋಮೋಷನ್ ಬೇಕಿದ್ದರೆ 50 ಫ್ರೇಮ್, 1/100.

ಶಟರ್ 1/50ಕ್ಕೆ ನಿಂತಿತೆಂದರೆ ಹಗಲಿನಲ್ಲಿ ತೊಂದರೆ ಶುರು. ಕಡುಬಿಸಿಲಿನಲ್ಲಿ ಐಎಸ್‌ಒ (ಸೆನ್ಸರ್‌ನ ಬೆಳಕಿನ ಸೂಕ್ಷ್ಮತೆ) 100 ಇಟ್ಟರೂ ಅಪರ್ಚರ್, ಅಂದರೆ ಲೆನ್ಸ್‌ನ ಕಿಂಡಿಯನ್ನು ಎಫ್ 22ಕ್ಕೆ ಕಿರಿದಾಗಿಸಬೇಕು, ಆಗ ಚಿತ್ರದ ಸ್ಪಷ್ಟತೆ ತಗ್ಗುತ್ತದೆ, ಹಿನ್ನೆಲೆಯೂ ಬ್ಲರ್ ಆಗುವುದಿಲ್ಲ. ಎಫ್ 4ಕ್ಕೆ ಬರಲು ಬೆಳಕನ್ನು 5 ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಅರ್ಧದಷ್ಟು) ಕತ್ತರಿಸುವ ಎನ್‌ಡಿ 32 ಎಂಬ ಕಪ್ಪು ಫಿಲ್ಟರ್ ಬೇಕು. ಕ್ಯಾಮೆರಾ ಜೊತೆ ಬರುವ 18-55 ಮಿ.ಮೀ. ಕಿಟ್ ಲೆನ್ಸ್‌ನ ಬಾಯಿಗೆ ಹೊಂದುವ 58 ಮಿ.ಮೀ. ಅಳತೆಯದೊಂದು ಕೊಂಡು, 50 ಮಿ.ಮೀ. ಎಸ್‌ಟಿಎಮ್ ಲೆನ್ಸ್‌ಗೆ 49ರಿಂದ 58ರ ಸ್ಟೆಪ್‌ಅಪ್ ರಿಂಗ್ (ಚಿಕ್ಕ ಲೆನ್ಸ್‌ಗೆ ದೊಡ್ಡ ಫಿಲ್ಟರ್ ಕೂರಿಸುವ ಉಂಗುರ) ಹಾಕಿದರೆ ಎರಡಕ್ಕೂ ಆಯಿತು. ತಿರುಗಿಸಿ ಕಪ್ಪು ಹೆಚ್ಚುಕಡಿಮೆ ಮಾಡುವ ಅಗ್ಗದ ವೇರಿಯಬಲ್ ಎನ್‌ಡಿಯನ್ನು ಕೊನೆಯವರೆಗೆ ತಿರುಗಿಸಬೇಡಿ, 18 ಮಿ.ಮೀ.ನಲ್ಲಿ ಫ್ರೇಮಿಗೆ ಅಡ್ಡಡ್ಡ ಕಪ್ಪು ಕತ್ತರಿ ಬೀಳುತ್ತದೆ.

ರಾತ್ರಿ ಐಎಸ್‌ಒ 800 ಆರಾಮ, 1600 ನಡೆಯುತ್ತದೆ. 3200ಕ್ಕೆ ಹೋದರೆ ನೆರಳಿನಲ್ಲಿ ಬಣ್ಣಬಣ್ಣದ ಚುಕ್ಕೆಗಳು (ನಾಯ್ಸ್). ಕಿಟ್ ಲೆನ್ಸ್ ಬಿಟ್ಟು ಎಫ್ 1.8ರ 50 ಮಿ.ಮೀ. ಹಾಕುವುದೇ ಮೇಲು, ಆದರೆ ಈ ಸೆನ್ಸರ್ ಮೇಲೆ ಅದು ಫುಲ್ ಫ್ರೇಮ್ ಕ್ಯಾಮೆರಾದ 80 ಮಿ.ಮೀ.ನಂತೆ ಕಾಣುತ್ತದೆ, ದೃಶ್ಯ ಕಿರಿದಾಗುತ್ತದೆ. ಚಿಕ್ಕ ಅಡುಗೆಮನೆಯಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತರೂ ಫ್ರೇಮ್ ಸಾಲುವುದಿಲ್ಲ.

ಆಮೇಲೆ ಬಣ್ಣ ತಿದ್ದಲು ಅನುಕೂಲವಾಗುವಂತೆ ಮಂಕಾಗಿ ದಾಖಲಿಸುವ ಲಾಗ್ ಪ್ರೊಫೈಲ್ ಇಲ್ಲ. ಪಿಕ್ಚರ್ ಸ್ಟೈಲ್ ನ್ಯೂಟ್ರಲ್‌ಗೆ ಹಾಕಿ, ಕಾಂಟ್ರಾಸ್ಟ್ ಪೂರ್ತಿ ಇಳಿಸಿ, ಶಾರ್ಪ್‌ನೆಸ್ ಸೊನ್ನೆ ಮಾಡಿ. ಇಷ್ಟಾದರೂ 8 ಬಿಟ್ ಫೈಲ್ ತಾನೇ, ಬಣ್ಣದ ಛಾಯೆಗಳು ಕಡಿಮೆ, ಗ್ರೇಡಿಂಗ್‌ನಲ್ಲಿ (ಬಣ್ಣ ತಿದ್ದುವಾಗ) ಜಗ್ಗಿದರೆ ಆಕಾಶ ಪದರಪದರವಾಗುತ್ತದೆ. ಇಳಕಲ್ ಸೀರೆಯ ಸಣ್ಣ ಚೌಕುಳಿ ದೂರದ ಶಾಟ್‌ನಲ್ಲಿ ಮೊಯರೆ (moiré) ಹೊಡೆಯುತ್ತದೆ, ಅಂದರೆ ಬಟ್ಟೆಯ ಮೇಲೆ ಇಲ್ಲದ ಅಲೆಗಳು ಮಿನುಗುತ್ತವೆ. ಕ್ಯಾಮೆರಾವನ್ನು ಹತ್ತಿರ ತನ್ನಿ, ಇಲ್ಲವೇ ವಸ್ತ್ರ ವಿನ್ಯಾಸ ಮಾಡುವವರಿಗೆ ಮೊದಲೇ ಹೇಳಿಡಿ.

ಧ್ವನಿಯಲ್ಲಿ ಈ ಕ್ಯಾಮೆರಾ ನಿಜಕ್ಕೂ ಸೊರಗುತ್ತದೆ. ಮೈಕ್ ಜಾಕ್ ಇದೆ, ಹೆಡ್‌ಫೋನ್ ಜಾಕ್ ಇಲ್ಲ. ಏನು ದಾಖಲಾಗುತ್ತಿದೆ ಎಂದು ಕೇಳಿಸಿಕೊಳ್ಳುವ ದಾರಿಯೇ ಇಲ್ಲ. ಸೌಂಡ್ ರೆಕಾರ್ಡಿಂಗ್ ಆಟೋದಲ್ಲಿದ್ದರೆ ಮಾತು ನಿಂತಾಗಲೆಲ್ಲ ಫ್ಯಾನಿನ ಸದ್ದು ಮೇಲೇಳುತ್ತದೆ. ಮ್ಯಾನುಯಲ್‌ಗೆ ಹಾಕಿ, ಜೋರು ಮಾತು ಮೈನಸ್ 12 ಡೆಸಿಬಲ್ ಸುತ್ತ ನಿಲ್ಲುವಂತೆ ಲೆವೆಲ್ ಇಡಿ. ಮುಖ್ಯ ಧ್ವನಿ ಬೇರೆ ರೆಕಾರ್ಡರ್‌ನಲ್ಲಿರಲಿ, ಕ್ಯಾಮೆರಾದ್ದು ಆ ಧ್ವನಿಯನ್ನು ಚಿತ್ರಕ್ಕೆ ಹೊಂದಿಸಲು (ಸಿಂಕ್ ಮಾಡಲು) ಅಷ್ಟೇ. ಕ್ಲಾಪ್ ಬೋರ್ಡ್ ಇಲ್ಲದಿದ್ದರೆ ಫ್ರೇಮಿನೊಳಗೆ ಒಂದು ಚಪ್ಪಾಳೆ ಸಾಕು.

29 ನಿಮಿಷ 59 ಸೆಕೆಂಡಿಗೆ ರೆಕಾರ್ಡಿಂಗ್ ತಾನಾಗಿ ನಿಲ್ಲುತ್ತದೆ. ಕಿರುಚಿತ್ರಕ್ಕೆ ಇದು ಲೆಕ್ಕಕ್ಕಿಲ್ಲ. ಯಕ್ಷಗಾನದ ಇಡೀ ಪ್ರಸಂಗ ಹಿಡಿಯುತ್ತೇನೆ ಎನ್ನುವವರು ಬೇರೆ ಕ್ಯಾಮೆರಾ ನೋಡುವುದು ಲೇಸು. ಎಲ್‌ಪಿ-ಇ17 ಬ್ಯಾಟರಿ ಚಿಕ್ಕದು, ಶೂಟಿಂಗ್ ದಿನಕ್ಕೆ ಮೂರಾದರೂ ಇರಲಿ. ಬೇರೆ ಕಂಪನಿಯ ಬ್ಯಾಟರಿಗಳಲ್ಲಿ ಕೆಲವು ಕ್ಯಾನನ್ ಚಾರ್ಜರ್‌ನಲ್ಲಿ ಚಾರ್ಜ್ ಆಗುವುದೇ ಇಲ್ಲ, ಅವುಗಳದೇ ಚಾರ್ಜರ್ ಸಮೇತ ಕೊಳ್ಳಿ. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಲೆನ್ಸ್‌ಗಳನ್ನು ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬದಲ್ಲಿಡಿ. ಚರ್ಮದ ಬ್ಯಾಗಿನೊಳಗೆ ಬೂಷ್ಟು ಇನ್ನೂ ಬೇಗ ಹಿಡಿಯುತ್ತದೆ.

4ಕೆ ಆಸೆಗೆ 200ಡಿ ಮಾರ್ಕ್ 2ಕ್ಕೆ ಜಿಗಿಯುವ ಮುನ್ನ ಒಂದು ಮಾತು: ಅದರ 4ಕೆಯಲ್ಲಿ ಫ್ರೇಮ್ ಇನ್ನಷ್ಟು ಕಿರಿದಾಗುತ್ತದೆ, ಡ್ಯುಯಲ್ ಪಿಕ್ಸೆಲ್ ಫೋಕಸ್ಸೂ ಕೆಲಸ ಮಾಡುವುದಿಲ್ಲ. ಹಳೆಯ 200ಡಿ ಕೊಳ್ಳುವಾಗ ತಿರುಗುವ ಪರದೆಯನ್ನು ಎಲ್ಲ ಕೋನಕ್ಕೂ ತಿರುಗಿಸಿ, ಚಿತ್ರ ಮಿಣುಕುತ್ತದೆಯೇ ನೋಡಿ. ಆಮೇಲೆ ಮೈಕ್ ಚುಚ್ಚಿ, ಪ್ಲಗ್ ಅಲ್ಲಾಡಿಸುತ್ತಾ ರೆಕಾರ್ಡ್ ಮಾಡಿ, ಅಲ್ಲೇ ಪ್ಲೇ ಮಾಡಿ ಕೇಳಿ. ಕರಕರ ಸದ್ದು ಬಂದರೆ ಜಾಕ್ ಸಡಿಲಾಗಿದೆ. ಬೆಲೆ ಇಳಿಸಿದರೂ ಬೇಡ.