ಕಾಲೇಜು ಅರ್ಜಿಗೆ ಶಾಲೆಯ ಕೌನ್ಸೆಲರ್ ಸಾಕಾ, ಖಾಸಗಿಯವರು ಬೇಕಾ?

ಅಮೆರಿಕದ ಕಾಲೇಜಿಗೆ ಅರ್ಜಿ ಹಾಕುವಾಗ ಶಾಲೆಯ ಕೌನ್ಸೆಲರ್ ನೆರವು ಪುಕ್ಕಟೆ, ಖಾಸಗಿ ಸಲಹೆಗಾರರು ದುಬಾರಿ. ಸಮಯದ ಮಾತೇ ಬೇರೆ. ಒಬ್ಬ ಕೌನ್ಸೆಲರ್‌ಗೆ 250 ಮಕ್ಕಳು ಸಾಕು ಅನ್ನುವುದು ಅಲ್ಲಿನ ಕೌನ್ಸೆಲರ್‌ಗಳ ಸಂಘದ ಶಿಫಾರಸು. ಎಷ್ಟೋ ಶಾಲೆಗಳಲ್ಲಿ ಅದಕ್ಕಿಂತ ಜಾಸ್ತಿ. ಅರ್ಜಿಯ ಜೊತೆ ಕೊಡುವ ಪ್ರಬಂಧವನ್ನು ಸಾಲು ಸಾಲಾಗಿ ತಿದ್ದಲು ಅವರಿಗೆ ಪುರುಸೊತ್ತೆಲ್ಲಿ? ಅದಕ್ಕೆ ಖಾಸಗಿಯವರು ವಾಸಿ, ದುಡ್ಡಿಲ್ಲದಿದ್ದರೆ ಇಂಗ್ಲಿಷ್ ಟೀಚರ್.

ಆದರೆ ಒಂದೇ ಅರ್ಜಿಯನ್ನು ಹಲವು ಕಾಲೇಜುಗಳಿಗೆ ಕಳಿಸುವ ಆನ್‌ಲೈನ್ ತಾಣವಾದ ಕಾಮನ್ ಆ್ಯಪ್‌ನಲ್ಲಿ ಅಂಕಪಟ್ಟಿ, ಸ್ಕೂಲ್ ರಿಪೋರ್ಟ್ (ಶಾಲೆಯ ಬಗ್ಗೆ, ನಿಮ್ಮ ಬಗ್ಗೆ ಕೌನ್ಸೆಲರ್ ಬರೆಯುವ ವರದಿ) ಕಳಿಸುವುದು ಶಾಲೆಯೇ. ಎಷ್ಟು ದುಡ್ಡು ಕೊಟ್ಟರೂ ಹೊರಗಿನವರು ಅದನ್ನು ಮಾಡಲಾರರು. ಅದಕ್ಕೇ ಸೆಪ್ಟೆಂಬರ್‌ನಲ್ಲೇ ಕೌನ್ಸೆಲರ್‌ನ ಕಂಡು, ನಿಮ್ಮ ಆಸಕ್ತಿ, ಮನೆಯ ಜವಾಬ್ದಾರಿ ಎಲ್ಲ ಒಂದು ಪುಟದಲ್ಲಿ ಬರೆದು ಕೊಡಿ. ಪರಿಚಯವೇ ಇಲ್ಲದ ಮಗುವಿನ ಬಗ್ಗೆ ಅವರು ತಾನೇ ಏನು ಬರೆದಾರು, ಅಲ್ವಾ? ಹಣದ ನೆರವು ಬೇಕಾದವರೂ ಮೊದಲು ಅವರನ್ನೇ ಕೇಳಿ. ಚಿತ್ರಕಲೆ, ವಿನ್ಯಾಸ ಕಲಿಸುವ ಕಾಲೇಜಿಗೆ ತಮ್ಮ ಕೃತಿಗಳ ಸಂಗ್ರಹ, ಅಂದರೆ ಪೋರ್ಟ್‌ಫೋಲಿಯೊ ತಯಾರಿಸುವವರಿಗೆ ಖಾಸಗಿ ನೆರವು ಹೆಚ್ಚು ಉಪಯೋಗ.